ಲಿವರ್ ಡಾಕ್ಟ್ರು

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಟನ್ ಅಂಗಡಿಯ ಮುಂದೆ. ಭಾನುವಾರ ಬೆಳಿಗ್ಗೆ ಯಸಳೂರಿನಲ್ಲಿ ಕೈಚೀಲ ಹಿಡಿದು ಏಳೆಂಟು ಜನರ ಹಿಂದೆ ನಿಂತಿದ್ದೆ. ಅಂಗಡಿಯ ತಿಮ್ಮಣ್ಣ ಕುರಿಯ ಲಿವರ್ ಬಿಡಿಸಿ ಬೆಳಕಿಗೆ ಹಿಡಿದು ನೋಡಿದ. ಅದರ ಅಂಚಿನಲ್ಲಿ ನೆಲ್ಲಿಕಾಯಿ ಗಾತ್ರದ ಎರಡು ಬಿಳಿ ಗುಳ್ಳೆಗಳಿದ್ದವು. ‘ಥೂ’ ಎಂದು ಆ ಭಾಗವನ್ನು ಕೊಯ್ದು ಬೆನ್ನ ಹಿಂದಕ್ಕೆ ಎಸೆದ. ಅಲ್ಲಿ ಕಾದಿದ್ದ ನಾಯಿಗಳು ಅದನ್ನು ನೆಲ ಮುಟ್ಟಲು ಬಿಡಲಿಲ್ಲ.

“ಇದ್ನ ನೋಡ್ದಾಗೆಲ್ಲ ನಮ್ಮ ಲಿವರ್ ಡಾಕ್ಟ್ರು ಗ್ಯಾಪ್ಕ ಬತ್ತಾರೆ ಕಣ್ರೀ ರೈಟ್ರೇ,” ಅಂದ ತಿಮ್ಮಣ್ಣ. “ಪಾಪ, ಹೋಗ್ಬುಟ್ರಂತಲ್ಲ. ಶಿವರಾತ್ರಿ ಆಸುಪಾಸ್ನಲ್ಲಿ. ನಿಮ್ಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಶಿವರಾತ್ರಿ ಕಳೆದು ಎರಡು ತಿಂಗಳಾಗಿತ್ತು.

ಸತ್ತವರ ಬಗ್ಗೆಯೂ ಹೇಳಲಿಲ್ಲ, ಅವನು ಎಸೆದ ತುಂಡಿನ ಬಗ್ಗೆಯೂ ಹೇಳಲಿಲ್ಲ. ಹಿಂದೆ ಜನ ನಿಂತಿದ್ದರು. ಒಂದು ಕಿಲೋ ತೂಗಿಸಿಕೊಂಡು ಮನೆಗೆ ಬಂದೆ. ಅಡುಗೆಯಾಯಿತು, ನನಗೆ ಸೇರಲಿಲ್ಲ. ಇದನ್ನು ಬರೆಯುತ್ತಿರುವುದು ಆ ಮಧ್ಯಾಹ್ನದಿಂದ.

ಅವರು ಡಾಕ್ಟರಾಗಿರಲಿಲ್ಲ. ನಮ್ಮ ಹೋಬಳಿಯ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದರು. ದನಕ್ಕೆ ಸೂಜಿ ಹಾಕುವುದು, ಗಾಯಕ್ಕೆ ಔಷಧಿ ಕಟ್ಟುವುದು, ಕಾಲುಬಾಯಿ ಜ್ವರಕ್ಕೆ ಲಸಿಕೆ ಕೊಡುತ್ತ ಊರೂರು ಸುತ್ತುವುದು ಅವರ ಕೆಲಸ. ಆದರೂ ಜನ ಡಾಕ್ಟ್ರೇ ಅನ್ನುತ್ತಿದ್ದರು. ಅವರೂ ತಿದ್ದುತ್ತಿರಲಿಲ್ಲ. ಕುಳ್ಳ ಆಳು. ಎಂಥ ಚಳಿಯಲ್ಲೂ ಅಂಗಿಯ ತೋಳು ಮೊಣಕೈ ಮೇಲಿರುತ್ತಿತ್ತು, ಮೈಯಿಂದ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಹಳೆಯ ಲೂನಾದಲ್ಲಿ ಬರುತ್ತಿದ್ದರು. ಏರು ಬಂದರೆ ಇಳಿದು, ಲೂನಾಕ್ಕೂ ಒಂದು ಮಾತು ಬೈದು ತಳ್ಳುತ್ತಿದ್ದರು.

ದನಗಳ ಹತ್ತಿರ ಅವರ ದನಿಯೇ ಬೇರೆ. ಸೂಜಿ ಹಾಕುವ ಮೊದಲು ಅಂಗೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು, “ಬಾರಮ್ಮ ತಾಯಿ, ಒಂಚೂರು ತಡ್ಕೊ” ಅನ್ನುತ್ತಿದ್ದರು. ಹಸುವಿನ ಒಡೆಯನಿಗೆ ಆ ಭಾಗ್ಯ ಇರಲಿಲ್ಲ. “ಬಾಲ ಹಿಡ್ಕಳ್ರೀ, ಮೀಸೆ ಆಮೇಲೆ ತಿರುವ್ಕಬೌದು.” ಹೀಗೆ ಮಾತಾಡಿಸಿಕೊಂಡವರಲ್ಲಿ ನಾನು ಕೆಲಸಕ್ಕಿದ್ದ ತೋಟದ ಯಜಮಾನರೂ ಒಬ್ಬರು.

ಅವರದು ಇನ್ನೊಂದು ಅಭ್ಯಾಸವಿತ್ತು. ಯಾವ ಪ್ರಶ್ನೆಯನ್ನೇ ಆಗಲಿ ಮೂರು ಸಲ ಕೇಳುತ್ತಿದ್ದರು. ಹಸು ಮೇವು ಬಿಟ್ಟು ಎಷ್ಟು ದಿನ ಆಯ್ತು ಅಂತ ಒಬ್ಬರನ್ನು ಕೇಳಿದ್ದು ನನ್ನ ಕಣ್ಣೆದುರೇ ನಡೆದದ್ದು. “ಇವತ್ತು ಬೆಳಿಗ್ಗೆಯಿಂದ ಸಾ” ಅಂದರು ಆತ. ಇವರು ಹಸುವಿನ ಕಣ್ಣು ಬಿಡಿಸಿ ನೋಡಿ ಮತ್ತೆ ಅದನ್ನೇ ಕೇಳಿದರು. “ನೆನ್ನೆ ಒಸಿ ಕಮ್ಮಿ ತಿಂದಿತ್ತು ಅಂತ ಕಾಣುತ್ತೆ.” ಕೈ ತೊಳೆದುಕೊಂಡು ಮೂರನೆಯ ಸಲ ಕೇಳಿದರು. ಆತ ನೆಲ ನೋಡುತ್ತ ಅಂದರು, “ಐದು ದಿನ ಆಯ್ತು ಸಾ. ನಾಟಿ ಔಷ್ದ ಮಾಡಿಸ್ತಿದ್ದೋ.”

ವಾಪಸು ಹೋಗುವಾಗ ನನಗೆ ಹೇಳಿದರು: “ಮೊದಲ್ನೇ ಸಲ ಮರ್ಯಾದೆಗೆ ಹೇಳ್ತಾರೆ ಕಣ್ರೀ ರೈಟ್ರೇ. ಎರಡ್ನೇ ಸಲ ಅನುಕೂಲಕ್ಕೆ. ಮೂರ್ನೇ ಸಲಾನೂ ಕೇಳಿದ್ರೆ ದನ ಉಳಿಯುತ್ತೆ.”

ನಾನು ಆಗ ಹೆಗ್ಗದ್ದೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಕರೆದು ಕೆಲಸ ಹಂಚುವುದು, ಸ್ಟೋರಿನ ಬೀಗದ ಕೈ ನೋಡಿಕೊಳ್ಳುವುದು ನನ್ನ ಪಾಲು. ಹಾಸನದಲ್ಲಿ ಬಿ.ಎಸ್ಸಿ. ಮಾಡಿದ್ದೆ, ಪ್ರಾಣಿಶಾಸ್ತ್ರ. ಸುತ್ತಮುತ್ತ ನಾಲ್ಕು ತೋಟಗಳಲ್ಲಿ ಡಿಗ್ರಿ ಇದ್ದ ರೈಟರ್ ನಾನೊಬ್ಬನೇ. ಲೈನಿನ ಸಾಲುಮನೆಗಳಲ್ಲಿದ್ದ ಆಳುಗಳು ಕಾಗದ ಓದಿಸಲು, ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಿದ್ದರು. “ನೀವು ಓದಿದೋರು, ನೀವೇ ಹೇಳಿ” ಎಂಬ ಮಾತು ನನ್ನ ಕಿವಿಗೆ ಹಿತವಾಗಿತ್ತು.

‘ಲಿವರ್ ಡಾಕ್ಟ್ರು’ ಎಂಬ ಹೆಸರು ಬಂದದ್ದು ಹೀಗೆ. ತಿಮ್ಮಣ್ಣ ಒಳ್ಳೆಯ ವ್ಯಾಪಾರಿ. ನೀರುಗುಳ್ಳೆ ಎದ್ದ ಲಿವರನ್ನು ಅವನು ಯಾರಿಗೂ ಮಾರಿದವನಲ್ಲ. ಕೊಯ್ದು ನಾಯಿಗೆ ಎಸೆದುಬಿಡುತ್ತಿದ್ದ. ಅದಕ್ಕಾಗಿ ಊರೇ ಅವನನ್ನು ಮೆಚ್ಚಿಕೊಂಡಿತ್ತು. ನಮ್ಮ ತೋಟದಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಆಳುಗಳಿಗೆ ಬಾಡೂಟ ಹಾಕಿಸುವ ಪದ್ಧತಿ ಇತ್ತು. ಆಗಲೂ ಕುರಿ ಕಡಿಯಲು ಅವನೇ ಬರುತ್ತಿದ್ದ. ಕೆಟ್ಟದ್ದು ಕಂಡರೆ ಲೈನಿನ ನಾಯಿಗಳಿಗೆ.

ಇವರು ಪ್ರತಿ ಭಾನುವಾರ ಬಕೆಟ್ಟು ಹಿಡಿದು ಅವನ ಅಂಗಡಿಗೆ ಬರುತ್ತಿದ್ದರು. ಎಸೆಯುವ ಲಿವರ್ ನನಗೆ ಕೊಡು ಅಂತ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ದನದ ಆಸ್ಪತ್ರೆಯ ಹಿಂದೆ ಎದೆಯುದ್ದ ಗುಂಡಿ ತೋಡಿ, ಅದರೊಳಗೆ ಸುರಿದು, ಸೀಮೆಎಣ್ಣೆ ಹಾಕಿ ಸುಟ್ಟು, ಮಣ್ಣೆಳೆದು, ಮೇಲೆ ಕಲ್ಲು ಹೇರುತ್ತಿದ್ದರು. ಗುಂಡಿಯನ್ನು ಯಾರೂ ನೋಡಿರಲಿಲ್ಲ. ಬಕೆಟ್ಟನ್ನು ಎಲ್ಲರೂ ನೋಡಿದ್ದರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ ಪುಕ್ಕಟೆ ಲಿವರ್ ಹುರಿದುಕೊಂಡು ತಿನ್ನುತ್ತಾನೆ ಅಂತ ಊರು ತೀರ್ಮಾನಿಸಿತು.

“ಸಾ, ಮನೇಲಿ ಈರುಳ್ಳಿ ಐತಾ? ಇಲ್ದಿದ್ರೆ ಒಂದೆರಡು ಕೊಡ್ತೀನಿ, ಬಾಡಿಸ್ಕಳಿ” ಅನ್ನುತ್ತಿದ್ದ ತಿಮ್ಮಣ್ಣ.

“ನಗ್ರಪ್ಪ, ನಗ್ರಿ. ಈ ಗುಳ್ಳೆ ತಿಂದ ನಾಯಿ ಹೊಟ್ಟೇಲಿ ಹುಳ ಆಯ್ತದೆ. ಅದರ ಮೊಟ್ಟೆ ನಾಯಿ ಮೈಮೇಲೆ, ಮೂತಿ ಮೇಲೆ. ಆ ಮೂತೀಲಿ ಅದು ನಿಮ್ಮ ಮಕ್ಕಳ ಮುಖ ನೆಕ್ಕುತ್ತೆ. ಕುರಿ ಹೊಟ್ಟೇಲಿ ಬೆಳ್ದಂಗೆ ಮಕ್ಕಳ ಹೊಟ್ಟೇಲೂ ಗುಳ್ಳೆ ಬೆಳೀತದೆ. ಆಗ ಈರುಳ್ಳಿ ಹೆಚ್ಚುವಿರಂತೆ.”

ಹೀಗೆ ಹೇಳಿದರೆ ಯಾರು ಕೇಳುತ್ತಾರೆ? ವಿಷಯ ಗೊತ್ತಿದ್ದ ಮನುಷ್ಯ, ಹೇಳಲು ಬರುತ್ತಿರಲಿಲ್ಲ. ಯಾರಾದರೂ ಅಡ್ಡ ಒಂದು ಪ್ರಶ್ನೆ ಹಾಕಿದರೆ ಸಿಟ್ಟು ಬರುತ್ತಿತ್ತು. ತಮ್ಮ ಕೋಣೆಯ ಮೇಜಿನ ಮೇಲೆ ಹಾರ್ಲಿಕ್ಸ್ ಬಾಟಲಿಯಲ್ಲಿ ಔಷಧಿಯೊಳಗೆ ಅಂಥದೊಂದು ಗುಳ್ಳೆ ಮುಳುಗಿಸಿಟ್ಟಿದ್ದರು. ಬಂದವರ ಮೂಗಿನ ಮುಂದೆ ಹಿಡಿಯುತ್ತಿದ್ದರು. ಜನ ಹೇಸಿ ಎದ್ದುಹೋಗುತ್ತಿದ್ದರು. ನಾನೂ ಒಮ್ಮೆ ಎದ್ದುಹೋಗಿದ್ದೆ.

ನನಗೆ ಅದು ಹೊಸದಾಗಿರಲಿಲ್ಲ ಎಂಬುದೇ ಇಲ್ಲಿ ಬರೆಯಬೇಕಾದ ಮಾತು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಆ ಹುಳುವಿನ ಜೀವನಚಕ್ರ ಹತ್ತು ಅಂಕಕ್ಕೆ ಬಂದಿತ್ತು. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದಿದ್ದೆ. ನಾಯಿಯಿಂದ ಕುರಿಗೆ ಒಂದು ಬಾಣ, ಕುರಿಯಿಂದ ನಾಯಿಗೆ ಒಂದು ಬಾಣ. ಮೂಲೆಯಲ್ಲಿ ಒಂದು ಮಗುವಿನ ಚಿತ್ರ, ಅದರ ಕಡೆಗೆ ಚುಕ್ಕಿಗಳ ಬಾಣ. ಮೇಷ್ಟರು ಆ ಚಿತ್ರವನ್ನು ತರಗತಿಗೆಲ್ಲ ತೋರಿಸಿದ್ದರು. ಅದೇ ಚಿತ್ರ ನಮ್ಮ ಲೈನಿನಲ್ಲಿ ಓಡಾಡುತ್ತಿದ್ದಾಗ ನನಗೆ ಗುರುತು ಸಿಗಲಿಲ್ಲ. ತಿಮ್ಮಣ್ಣನ ಅಂಗಡಿಯ ಮುಂದೆ ಈರುಳ್ಳಿಯ ತಮಾಷೆಗೆ ನಕ್ಕವರಲ್ಲಿ ನಾನೂ ಇದ್ದೆ.

ಲೈನಿನ ಕೊನೆಯ ಮನೆಯಲ್ಲಿ ಸಾಕಮ್ಮ ಇದ್ದಳು. ನೆರಳಿನ ಮರದ ರೆಂಬೆ ಕಡಿಯುವಾಗ ಬಿದ್ದು ಅವಳ ಗಂಡ ತೀರಿಕೊಂಡಿದ್ದ. ಏಳು ವರ್ಷದ ಮಗಳು ಗೀತಾ, ಮತ್ತೆ ಒಂದು ಚುಕ್ಕೆ ಚುಕ್ಕೆಯ ಹೆಣ್ಣುನಾಯಿ. ಅದಕ್ಕೆ ಚುಕ್ಕಿ ಅಂತಲೇ ಹೆಸರು. ತಾಯಿ ಕೆಲಸಕ್ಕೆ ಹೋದರೆ ಮಗುವಿಗೆ ನಾಯಿಯೇ ಜೊತೆ. ತಟ್ಟೆಯಲ್ಲಿ ಒಂದು ತುತ್ತು ತನಗೆ, ಒಂದು ತುತ್ತು ಅದಕ್ಕೆ.

ಆ ವರ್ಷ, ತೊಂಬತ್ತರ ದಶಕದ ನಡುವೆ, ಕೊಯ್ಲು ಮುಗಿಯುವ ಹೊತ್ತಿಗೆ ಗೀತಾಳ ಹೊಟ್ಟೆ ಬಲಗಡೆ ಪಕ್ಕೆಯ ಕೆಳಗೆ ಉಬ್ಬಿಕೊಂಡಿತ್ತು. ಜ್ವರ ಇಲ್ಲ, ನೋವು ಅಷ್ಟಿಲ್ಲ. ಲಂಗದ ದಾರ ಮಾತ್ರ ಸಾಲದಾಗಿತ್ತು. ಲೈನಿನ ಅಜ್ಜಿಯೊಬ್ಬಳು ಗಡ್ಡೆ ಕರಗುತ್ತದೆ ಅಂತ ಹರಳೆಣ್ಣೆ ಹಚ್ಚಿ ದಿನಾ ನೀವುತ್ತಿದ್ದಳು.

ಯಜಮಾನರ ಹಸು ಕರು ಹಾಕಿತ್ತು, ಸತ್ತೆ ಬಿದ್ದಿರಲಿಲ್ಲ ಅಂತ ಡಾಕ್ಟ್ರು ತೋಟಕ್ಕೆ ಬಂದದ್ದು ಆ ದಿನಗಳಲ್ಲೇ. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ, ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಮಗುವನ್ನು ಮಲಗಿಸಿ ಅಜ್ಜಿ ಎಣ್ಣೆ ಹಚ್ಚುತ್ತಿರುವುದು ಕಂಡಿತು. ಪಕ್ಕದಲ್ಲಿ ಚುಕ್ಕಿ ಮಲಗಿತ್ತು.

“ಏಯ್, ಕೈ ತೆಗಿಯಮ್ಮ!” ಅಂತ ಕೂಗಿದ ದನಿಗೆ ಕಣದಲ್ಲಿದ್ದವರೆಲ್ಲ ತಿರುಗಿದರು.

ಬಂದು ಮಗುವಿನ ಪಕ್ಕ ಕೂತರು. ಅಂಗೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡರು. ಹೊಟ್ಟೆಯ ಮೇಲೆ ಎಲೆ ಇಟ್ಟ ಹಾಗೆ ಇಟ್ಟರು, ಅಷ್ಟೇ. ಒತ್ತಲಿಲ್ಲ. ಅವರು ಒತ್ತಲಿಲ್ಲ ಎಂಬುದನ್ನು ನಾನು ಎರಡಡಿ ದೂರದಲ್ಲಿ ನಿಂತು ನೋಡಿದ್ದೇನೆ.

“ಈ ನಾಯಿ ಏನ್ ತಿನ್ನುತ್ತೆ?” ಅಂತ ಕೇಳಿದರು.

ಕಣದಲ್ಲಿದ್ದ ಒಬ್ಬ, “ಮಗೀಗೆ ಹೊಟ್ಟೆ ಬಂದೈತೆ, ಇವ್ರು ನಾಯಿ ಊಟ ಕೇಳ್ತಾವ್ರೆ” ಅಂದ. ಎಲ್ಲರೂ ನಕ್ಕರು. ಅವರು ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳಿದರು.

ಸಾಕಮ್ಮ ಅಂದಳು, “ಅನ್ನ, ಮುದ್ದೆ ಸಾ. ಬಾಡೂಟ ಆದಾಗ ಕುರೀದು ಕೆಟ್ಟಿದ್ದು ಕೊಟ್ರೆ ತಿಂತದೆ.”

ಅವರು ಮಗುವಿನ ಲಂಗ ಸರಿಮಾಡಿ ಎದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ರೈಟ್ರೇ, ಇದು ನೀರುಗುಳ್ಳೆ ಅಂತ ನನ್ನ ಅನುಮಾನ. ಕುರೀಲಿ ಸಾವಿರ ನೋಡಿದೀನಿ, ಮಗೀಲಿ ಇದೇ ಮೊದಲು. ಯಾರೂ ನೀವಬಾರ್ದು, ಸೂಜಿ ಚುಚ್ಚಬಾರ್ದು. ಒಳಗೆ ಒಡೆದ್ರೆ ಆ ನೀರೇ ವಿಷ, ಗಳಿಗೇಲಿ ಉಸಿರು ಕಟ್ಟುತ್ತೆ. ಮೊದ್ಲು ಸ್ಕ್ಯಾನ್ ಮಾಡಿಸ್ಬೇಕು. ದೊಡ್ಡಾಸ್ಪತ್ರೇಲಿ ಗುಳ್ಳೇನ ಒಡೀದಂಗೆ ಇಡಿಯಾಗಿ ತೆಗೀತಾರೆ. ನಾನು ಹೇಳಿದ್ರೆ ಯಾರೂ ಕೇಳಲ್ಲ ಮಾರಾಯ. ನೀವು ಓದಿದೋರು, ನೀವು ಹೇಳಿ.”

ಬ್ಯಾಗಿನಿಂದ ಒಂದು ಹಾಳೆ ತೆಗೆದು ಅದರ ಹಿಂದುಗಡೆ ಬರೆದುಕೊಟ್ಟರು: ‘ಮಾನ್ಯ ಡಾಕ್ಟರಿಗೆ. ಮಗುವಿನ ಬಲಪಕ್ಕೆ ಕೆಳಗೆ ಇರುವುದು ಹೈಡಾಟಿಡ್ ಗುಳ್ಳೆ ಇರಬಹುದೆಂದು ನನ್ನ ಅನುಮಾನ. ನಾಯಿಯ ಒಡನಾಟ ಉಂಟು. ಸ್ಕ್ಯಾನ್ ಮಾಡಿಸದೆ ಸೂಜಿ ಹಾಕಬಾರದಾಗಿ ಕೋರಿಕೆ. ತಪ್ಪಾಗಿದ್ದರೆ ಕ್ಷಮಿಸಿ.’ ಕೆಳಗೆ ಸಹಿ, ಸಹಿಯ ಕೆಳಗೆ ‘ಸ್ಟಾಕ್‌ಮನ್’ ಅಂತ. ಹಾಳೆಯ ಮುಂದುಗಡೆ ಜಾನುವಾರು ಲಸಿಕೆಯ ಅಚ್ಚು ಇತ್ತು. ಹಸು, ಎಮ್ಮೆ, ಎತ್ತು: ಅನ್ವಯಿಸದ್ದನ್ನು ಹೊಡೆದುಹಾಕಿ.

ಮಾರನೆಯ ದಿನ ತೋಟದ ಜೀಪಿನಲ್ಲಿ ತಾಯಿ ಮಗಳನ್ನು ಕರೆದುಕೊಂಡು ಹೊರಟೆ. ಯಜಮಾನರು ತಮ್ಮ ಸ್ನೇಹಿತರ ನರ್ಸಿಂಗ್ ಹೋಮಿಗೆ ಹೋಗಲು ಹೇಳಿದ್ದರು. ದಾರಿಯುದ್ದಕ್ಕೂ ಆ ಹಾಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಕೊಡಲೇಬೇಕು ಅಂತಲೇ ಇದ್ದೆ.

ಡಾಕ್ಟರು ಒಳ್ಳೆಯ ಹೆಸರಿದ್ದವರು. ನನಗೆ ಕುರ್ಚಿ ತೋರಿಸಿ, ಬಿ.ಎಸ್ಸಿ. ಅಂತ ತಿಳಿದು ಇಂಗ್ಲಿಷಿನಲ್ಲಿ ಮಾತಾಡಿಸಿದರು. ಮಗುವನ್ನು ಮಲಗಿಸಿ ಒತ್ತಿ ನೋಡಿದರು. “ಲಿವರ್‌ನಲ್ಲಿ ಕೀವು ತುಂಬಿರಬೇಕು. ಇಲ್ಲೇ ಸೂಜಿ ಹಾಕಿ ತೆಗೆದುಬಿಡೋಣ. ನಾಳೆ ಮನೆಗೆ ಹೋಗಬಹುದು.” ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು, “ಇದಕ್ಕೆ ಮೊದಲು ಯಾರಿಗಾದರೂ ತೋರಿಸಿದ್ರಾ?”

ಸಾಕಮ್ಮ ಬಾಯಿ ತೆರೆದಳು. “ಸಾ, ಅದೇ ದನದ...”

“ಸಾಕಮ್ಮ, ಸುಮ್ನಿರು” ಅಂದೆ. ಡಾಕ್ಟರ ಕಡೆ ತಿರುಗಿ, “ಇಲ್ಲ ಸರ್, ಯಾರಿಗೂ ತೋರಿಸಿಲ್ಲ” ಅಂದೆ.

ಯಾಕೆ ಹಾಗಂದೆ? ಆ ಕುರ್ಚಿಯಲ್ಲಿ ಕೂತು, ಇಂಗ್ಲಿಷಿನಲ್ಲಿ ಮಾತಾಡಿ, ಎಮ್ಮೆ ಎತ್ತು ಅಂತ ಅಚ್ಚಾಗಿದ್ದ ಹಾಳೆಯನ್ನು ಮೇಜಿನ ಮೇಲಿಡಲು ನಾಚಿಕೆಯಾಯಿತು. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಡಾಕ್ಟರು ನನ್ನನ್ನು ಒಂದೇ ಸಲ ಕೇಳಿದರು.

ನನ್ನನ್ನೇ ಮಗುವಿನ ಕೈ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ಸೂಜಿ ಒಳಗೆ ಹೋಯಿತು. ಡಾಕ್ಟರು ಸಿರಿಂಜಿನ ಹಿಡಿ ಎಳೆದರು. ಬಂದದ್ದು ಕೀವಲ್ಲ. ತಿಳಿನೀರು. ಅಷ್ಟು ತಿಳಿಯಾದ ನೀರು ನಮ್ಮ ಘಟ್ಟದ ತೊರೆಗಳಲ್ಲೂ ಇಲ್ಲ. “ಅರೆ” ಅಂದರು ಡಾಕ್ಟರು. ಪುಸ್ತಕದ ಆ ಪುಟ, ಚಿತ್ರದ ಕೆಳಗಿದ್ದ ‘ಸ್ವಚ್ಛ ದ್ರವ’ ಎಂಬ ಎರಡು ಪದ, ಆಗ ನೆನಪಾದವು. ನಿಲ್ಲಿಸಿ ಅಂತ ನಾನು ಹೇಳುವ ಮೊದಲೇ ಗೀತಾ, “ತುರಿಕೆ ಮಾಮ” ಅಂದಳು.

ಕುತ್ತಿಗೆಯ ಮೇಲೆ ಕೆಂಪು ದದ್ದು ಎದ್ದವು. ನೋಡನೋಡುತ್ತಿದ್ದಂತೆ ಎದೆಗೆ ಇಳಿದವು. ತುಟಿ ಊದಿಕೊಂಡು ಬೇರೆ ಯಾರದೋ ಮುಖವಾಯಿತು. ಉಸಿರು ಎಳೆದುಕೊಳ್ಳುವಾಗ ಕೊಳಲು ಊದಿದ ಹಾಗೆ ಸಣ್ಣ ಸದ್ದು. ಆಮೇಲೆ ಆ ಸದ್ದೂ ಇಲ್ಲ. ನಾನು ಹಿಡಿದಿದ್ದ ಕೈ ನನ್ನ ಬೆರಳುಗಳನ್ನು ಬಿಟ್ಟಿತು. ಹೊರಗೆ ನಿಂತಿದ್ದ ಸಾಕಮ್ಮ ಬಾಗಿಲು ಬಡಿಯುತ್ತಿದ್ದಳು.

ಡಾಕ್ಟರು ಓಡಾಡಿದರು. ತೊಡೆಗೆ ಇಂಜೆಕ್ಷನ್ ಕೊಟ್ಟರು, ಮತ್ತೊಂದು ಕೊಟ್ಟರು, ಬಾಯಿಗೆ ಮಾಸ್ಕ್ ಒತ್ತಿ ಗಾಳಿ ಒತ್ತಿದರು. ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ. ಇವತ್ತಿಗೂ ಅದು ಮುಗಿದಿಲ್ಲ. ಹಲ್ಲುಜ್ಜುವಾಗ, ಹಾಜರಿ ಕರೆಯುವಾಗ, ಯಾವುದೋ ಮಗು ಕೈ ಹಿಡಿದುಕೊಂಡಾಗ ಅದು ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ನಾನು ಜೇಬಿಗೆ ಕೈ ಹಾಕುತ್ತೇನೆ. ಪ್ರತಿ ಸಲವೂ ತಡವಾಗಿರುತ್ತದೆ.

ಮಗು ಉಸಿರಾಡಿತು. ಅದೇ ದಿನ ಶಿರಾಡಿ ಘಾಟಿ ಇಳಿಸಿ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರೂ ವ್ಯಾನಿನಲ್ಲಿ ಜೊತೆಗೆ ಬಂದರು, ತಿರುವುಗಳಲ್ಲೆಲ್ಲ ಮಾಸ್ಕ್ ಹಿಡಿದುಕೊಂಡೇ ಕೂತಿದ್ದರು. ಅವರನ್ನು ಕೆಟ್ಟವರು ಅನ್ನಲಾರೆ. ಅಲ್ಲಿನ ಡಾಕ್ಟರು ಸ್ಕ್ಯಾನ್ ನೋಡಿ ಸಾಕಮ್ಮನಿಗೆ ಹಾಕಿದ ಮೊದಲ ಪ್ರಶ್ನೆ: “ಮನೆಯಲ್ಲಿ ನಾಯಿ ಇದೆಯಾ? ಏನು ತಿನ್ನುತ್ತೆ?”

ಈ ಸಲ ಯಾರೂ ನಗಲಿಲ್ಲ.

ಆಪರೇಷನ್ ಮಾಡಿ ಗುಳ್ಳೆ ತೆಗೆದರು. ಆದರೆ ಸೂಜಿಯ ತೂತಿನಿಂದ ಸೋರಿದ ನೀರು ಹೊಟ್ಟೆಯೊಳಗೆಲ್ಲ ಹರಿದಿತ್ತು, ಅದರಲ್ಲಿ ಬೀಜ ಇರುತ್ತದೆ, ಮುಂದೆ ಮೊಳೆಯಬಹುದು ಅಂತ ಹೇಳಿ ಕಳಿಸಿದರು. ಮೊಳೆಯಿತು. ಗೀತಾಳಿಗೆ ಈಗ ಹತ್ತೊಂಬತ್ತು. ಮೂರು ಆಪರೇಷನ್ ಆಗಿವೆ. ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳಿಂದ ಒಮ್ಮೆ ತಲೆಗೂದಲು ಉದುರಿತ್ತು. ಟೈಲರಿಂಗ್ ಕಲಿತು ಸಕಲೇಶಪುರದಲ್ಲಿ ಕೆಲಸ ಮಾಡುತ್ತಾಳೆ. ಕಂಡರೆ ನಗುತ್ತಾಳೆ, “ಚೆನ್ನಾಗಿದೀರಾ ಮಾಮ” ಅನ್ನುತ್ತಾಳೆ. ಅವಳಿಗೆ ಗೊತ್ತಿಲ್ಲ. ಸಾಕಮ್ಮನಿಗೆ ಗೊತ್ತು. ಅವಳು ನನಗೆ ಒಂದು ಮಾತೂ ಅಂದಿಲ್ಲ. ಆದರೆ ಆವತ್ತಿನಿಂದ ಒಂದು ಕಾಗದವನ್ನೂ ನನ್ನ ಹತ್ತಿರ ಓದಿಸಿಲ್ಲ. ಆಸ್ಪತ್ರೆಯ ಚೀಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಆಫೀಸಿನ ಮುಂದೆಯೇ ಹಾದು, ಬಸ್ ನಿಲ್ದಾಣದ ಅಂಗಡಿಯವನ ಹತ್ತಿರ ಓದಿಸುತ್ತಿದ್ದಳು.

ಇಲ್ಲಿಗೆ ಮುಗಿದಿದ್ದರೆ ನನ್ನದು ಒಂದು ತಪ್ಪು ಅಂತ ಬರೆದು ಬಿಡಬಹುದಿತ್ತು.

ಮಗು ಆಸ್ಪತ್ರೆಯಲ್ಲಿದ್ದಾಗಲೇ ಮಾತು ಎದ್ದಿತು. ಸೂಜಿಗೆ ಮೊದಲೇ ಯಾರೋ ಹೊಟ್ಟೆ ಅಮುಕಿದ್ದರಂತೆ, ಗುಳ್ಳೆ ಆಗಲೇ ಸೋರುತ್ತಿತ್ತಂತೆ. ಯಜಮಾನರು ನನ್ನನ್ನು ಕರೆಸಿದರು. ಮೇಜಿನ ಮೇಲೆ, ದನದ ಆಸ್ಪತ್ರೆಯ ಮೇಲಧಿಕಾರಿಗಳಿಗೆ ಕಳಿಸಲು ಟೈಪ್ ಮಾಡಿದ ಒಂದು ಹಾಳೆ ಇತ್ತು. ‘ಸದರಿ ನೌಕರನು ತನ್ನ ವ್ಯಾಪ್ತಿ ಮೀರಿ ಮಗುವಿನ ಹೊಟ್ಟೆಯನ್ನು ಅಮುಕಿ ಪರೀಕ್ಷಿಸಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

“ಅವ್ರು ಅಮುಕ್ಲಿಲ್ಲ ಸಾರ್. ಕೈ ಇಟ್ರು ಅಷ್ಟೇ. ನೀವ್ತಿದ್ದಿದ್ದು ಅಜ್ಜಿ” ಅಂದೆ.

“ಅಜ್ಜಿ ಮೇಲೆ ಬರೆಯೋಕಾಗುತ್ತೇನಯ್ಯ? ದನ ನೋಡ್ಕಂಡಿರೋ ಅಂದ್ರೆ ಮಗು ನೋಡಕ್ಕೆ ಬಂದಿದಾನೆ. ಡಾಕ್ಟ್ರು ನಮ್ಮೋರು. ನಿನ್ನ ಜೇಬಲ್ಲಿ ಏನೋ ಚೀಟಿ ಇತ್ತಂತೆ, ಸಾಕಮ್ಮ ಆಸ್ಪತ್ರೇಲಿ ಡಾಕ್ಟ್ರ ಹತ್ರ ಅಂದವ್ಳೆ. ಅದೂ ಬರೀಬೇಕಾ?”

ಸಹಿ ಹಾಕಿದೆ. ನನ್ನ ಸಹಿ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ.

ಎರಡು ತಿಂಗಳಿಗೆ ಅವರಿಗೆ ಅರಸೀಕೆರೆ ಕಡೆಗೆ ವರ್ಗವಾಯಿತು. ಹೋಗುವ ದಿನ ಲೂನಾ ನಮ್ಮ ತೋಟದ ಗೇಟಿನ ಹತ್ತಿರ ನಿಂತ ಸದ್ದು ಕೇಳಿಸಿತು. ನಾನು ಸ್ಟೋರಿನೊಳಗೆ ಹೋಗಿ ಗೊಬ್ಬರದ ಚೀಲಗಳ ಹಿಂದೆ ನಿಂತೆ. ಅವರು ಸ್ವಲ್ಪ ಹೊತ್ತು ಕಾದು, ನನ್ನ ಮೇಜಿನ ಮೇಲೆ ಒಂದು ಕಂದು ಕವರ್ ಇಟ್ಟು ಹೋದರು. ಒಳಗೆ ಏನೋ ಕಾಗದ, ಮೇಲೆ ನನ್ನ ಹೆಸರು. ಏನು ಬರೆದಿರುತ್ತಾರೆ ಅಂತ ನನಗೆ ಗೊತ್ತಿತ್ತು, ಅಥವಾ ಗೊತ್ತು ಅಂದುಕೊಂಡೆ. ಬಿಚ್ಚುವ ಧೈರ್ಯ ಬರಲಿಲ್ಲ. ಡ್ರಾಯರಿಗೆ ಹಾಕಿ ಮುಚ್ಚಿದೆ.

ಐದಾರು ವರ್ಷದ ಮೇಲೆ ಅವರು ನಿವೃತ್ತರಾಗಿ ಆಲೂರಿನ ಹತ್ತಿರ ತಮ್ಮ ಊರಿಗೆ ಬಂದಿದ್ದಾರೆ ಅಂತ ಕೇಳಿದೆ. ಗೀತಾಳ ಎರಡನೆಯ ಆಪರೇಷನ್ ಆಗಿದ್ದ ಸಮಯ. ನನಗೆ ತಡೆಯಲಾಗಲಿಲ್ಲ. ಎರಡು ಬಸ್ಸು ಬದಲಾಯಿಸಿಕೊಂಡು ಹೋದೆ. ಜಗಲಿಯ ಮೇಲೆ ಕೂತು ಮೇಕೆಮರಿಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ತಲೆ ಎತ್ತಿ ನೋಡಿ, “ಬನ್ನಿ ರೈಟ್ರೇ” ಅಂದರು, ವಾರದ ಹಿಂದೆ ಸಿಕ್ಕವರ ಹಾಗೆ. ಕಾಫಿ ತರಿಸಿದರು. ಗೀತಾ ಹೇಗಿದ್ದಾಳೆ, ಯಾವ ಮಾತ್ರೆ, ತೂಕ ಎಷ್ಟು ಅಂತ ಕೇಳಿದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಶುರು ಮಾಡಿದೆ. “ಸಾರ್, ಆ ಸ್ಟೇಟ್‌ಮೆಂಟು...”

“ಅದಿರ್ಲಿ. ಆ ನಾಯಿಗೆ ಮಾತ್ರೆ ಹಾಕಿದ್ರಾ?”

“ಯಾವ ಮಾತ್ರೆ ಸಾರ್?”

“ಹೋಗುವಾಗ ಕವರಲ್ಲಿ ಇಟ್ಟು ಹೋಗಿದ್ನಲ್ಲ. ಹುಳದ ಮಾತ್ರೆ. ಹೆಂಗೆ ಹಾಕ್ಬೇಕು, ಎಷ್ಟು ದಿನಕ್ಕೊಂದ್ಸಲ, ಎಲ್ಲ ಬರ್ದಿದ್ದೆ. ಲೈನ್‌ನಲ್ಲಿದ್ದ ಅಷ್ಟೂ ನಾಯಿಗೂ ಆಗ್ತಿತ್ತು.”

“ಚುಕ್ಕಿ ಸತ್ತುಹೋಯ್ತು ಸಾರ್” ಅಂದೆ.

“ಮಾತ್ರೆ ಹಾಕಿದ್ರಾ?”

“ಅದರ ಮರಿಗಳಿವೆ, ನಾಲ್ಕು. ಹಾಕಿಸ್ಬೇಕು ಅಂತಲೇ ಇದ್ದೆ, ಕೊಯ್ಲಿನ ಗಲಾಟೇಲಿ...”

ಪಟ್ಟಿಯ ಗಂಟು ಬಿಗಿದು ಮರಿಯನ್ನು ಇಳಿಸಿದರು. ಮೂರನೆಯ ಸಲ ಕೇಳಿದರು.

“ಇಲ್ಲ ಸಾರ್. ಕವರ್ ಬಿಚ್ಚಲೇ ಇಲ್ಲ. ನನ್ನನ್ನ ಬೈದು ಬರೆದಿದೀರ ಅಂದ್ಕೊಂಡೆ.”

ಅವರು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ದನದ ಒಡೆಯರನ್ನು ಕೂಡ ಅವರು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

“ನಿಮ್ಮ ಆಫೀಸಿಂದ ಲೈನಿಗೆ ಎಷ್ಟು ದೂರ ಐತೆ ರೈಟ್ರೇ?”

“ಕೂಗಿದ್ರೆ ಕೇಳುತ್ತೆ ಸಾರ್.”

“ಅಲ್ಲಿ ಎಷ್ಟು ಮಕ್ಕಳವೆ?”

ಲೆಕ್ಕ ಹಾಕಿ ಹೇಳಿದೆ. ಹದಿನಾರು.

ಒಳಗೆ ಹೋಗಿ ಒಂದು ಚೀಟಿ ತಂದುಕೊಟ್ಟರು. ಮಾತ್ರೆಯ ಹೆಸರು, ನಾಯಿಯ ತೂಕಕ್ಕೆ ಎಷ್ಟು ಅಂತ ಬರೆದಿತ್ತು. “ಆ ಹಳೇದು ಕೆಲ್ಸಕ್ಕೆ ಬರಲ್ಲ, ಎಸೀರಿ.” ನಾನು ಎದ್ದು ನಿಂತು ಕೈ ಮುಗಿದು, “ಕ್ಷಮಿಸಿ ಸಾರ್” ಅಂದೆ.

“ನನ್ನ ಯಾಕೆ ಕೇಳ್ತೀರಿ?” ಅಂದರು. “ನಂಗೇನೂ ಆಗಿಲ್ಲ. ಹೋಗಿ, ಬಸ್ಸು ತಪ್ಪುತ್ತೆ.” ನಾನು ಮೆಟ್ಟಿಲು ಇಳಿಯುವ ಮೊದಲೇ ಇನ್ನೊಂದು ಮೇಕೆಮರಿ ಎತ್ತಿಕೊಂಡಿದ್ದರು. ತಿರುಗಿ ನೋಡಲಿಲ್ಲ. ಮತ್ತೆ ನಾನು ಅವರನ್ನು ಕಾಣಲಿಲ್ಲ.

ಬಂದವನೇ ನಾಯಿಗಳಿಗೆಲ್ಲ ಮಾತ್ರೆ ಹಾಕಿದೆ. ಮುಂದಿನ ವರ್ಷ ಅದೇ ಲೈನಿನ ನಾಲ್ಕು ವರ್ಷದ ಒಂದು ಮಗುವಿಗೆ ಕೆಮ್ಮು ಬಿಡಲಿಲ್ಲ. ಎಕ್ಸ್-ರೇಯಲ್ಲಿ ಎದೆಯ ಎಡಗಡೆ ದುಂಡಗೆ ಒಂದು ನೆರಳು ಕಾಣಿಸಿತು. ಈ ಸಲ ನಾನೇ ಡಾಕ್ಟರಿಗೆ ಎಲ್ಲ ಹೇಳಿದೆ, ಯಾರೂ ಸೂಜಿ ಹಾಕಲಿಲ್ಲ, ಮಗು ಬದುಕಿತು. ಆ ಗುಳ್ಳೆ ಎಷ್ಟು ವರ್ಷದ್ದು ಅಂತ ಕೇಳಿದೆ. ಒಂದೆರಡು ವರ್ಷದ್ದಿರಬಹುದು ಅಂದರು. ಕವರ್ ಡ್ರಾಯರಿನಲ್ಲಿದ್ದ ಕಾಲ. ಮಾತ್ರೆ ಹಾಕುವುದನ್ನು ಎರಡು ವರ್ಷ ನಡೆಸಿದೆ. ಆಮೇಲೆ ತೋಟ ಬದಲಾಯಿಸಿದೆ, ನಿಂತುಹೋಯಿತು. ನಾನು ಅಂಥವನೇ.

ಸುದ್ದಿ ಕೇಳಿದ ಮುಂದಿನ ಭಾನುವಾರ ಮತ್ತೆ ಯಸಳೂರಿಗೆ ಹೋದೆ. ಸಾಲು ಉದ್ದವಿತ್ತು. ನನ್ನ ಸರದಿ ಬಂದಾಗ ತಿಮ್ಮಣ್ಣ, “ಎಷ್ಟು ಕೊಡ್ಲಿ ರೈಟ್ರೇ?” ಅಂದ. ನಾನು ಕೈಚೀಲ ತಂದಿರಲಿಲ್ಲ. ಬಕೆಟ್ಟು ಮುಂದಿಟ್ಟೆ.

“ಮಾಂಸ ಬೇಡ. ನಾಯಿಗೆ ಎಸೆಯೋ ಲಿವರ್ ಇದಕ್ಕೆ ಹಾಕು.”

ತಿಮ್ಮಣ್ಣ ಕತ್ತಿ ಕೆಳಗಿಟ್ಟು ನನ್ನನ್ನೂ ಬಕೆಟ್ಟನ್ನೂ ನೋಡಿದ. “ನೀವೂ ಶುರು ಹಚ್ಕಂಡ್ರಾ! ಯಾಕ್ರೀ, ಮನೇಲಿ ಈರುಳ್ಳಿ ಐತಾ?”

ಸಾಲಿನಲ್ಲಿದ್ದವರು ಜೋರಾಗಿ ನಕ್ಕರು. ನನ್ನ ಕಿವಿ ಬಿಸಿಯಾಯಿತು, ನರ್ಸಿಂಗ್ ಹೋಮಿನ ಆ ಕುರ್ಚಿಯಲ್ಲಿ ಕೂತಾಗ ಆದ ಹಾಗೆಯೇ.

“ಐತೆ” ಅಂದೆ. “ಹಾಕು.”